ಇದಾ, ಅದಾ?

ಅಜ್ಜನ ಕನ್ನಡಕದಂಗಡಿಗೆ ಬಂದವರೆಲ್ಲ ಒಂದೇ ಪ್ರಶ್ನೆಗೆ ಉತ್ತರ ಹೇಳಬೇಕಿತ್ತು. ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಭಾರದ ಚೌಕಟ್ಟಿಟ್ಟು, ಒಂದೊಂದೇ ಗಾಜು ಬದಲಿಸುತ್ತ ಅಜ್ಜ ಕೇಳುತ್ತಿದ್ದ: "ಇದಾ, ಅದಾ?" ಎಂಥ ಜಬರ್ದಸ್ತಿನ ಆಸಾಮಿಯೂ ಆ ಕುರ್ಚಿಯಲ್ಲಿ ಮೀನಮೇಷ ಎಣಿಸುತ್ತಿದ್ದ.

ಮೊಮ್ಮಗಳು ಗುಬ್ಬಿ ಈಗ ಕುರ್ಚಿ ಹತ್ತದೆಯೇ ಮೀನಮೇಷ ಎಣಿಸುತ್ತಿದ್ದಳು. ಕಾಲುವೆಯಾಚೆ ದಿಬ್ಬದ ಮೇಲಿನ ವಿಶ್ವವಿದ್ಯಾಲಯದಲ್ಲಿ ಅವಳಿಗೆ ಸೀಟು ಸಿಕ್ಕಿತ್ತು. ಬರುತ್ತೇನೋ ಇಲ್ಲವೋ ಎಂದು ನಾಳೆಯೊಳಗೆ ತಿಳಿಸಬೇಕು. "ಇಷ್ಟು ಬುದ್ಧಿ ಇಟ್ಕೊಂಡು ಗಾಜು ಒರೆಸ್ತಾ ಕೂತ್ಕೋತೀಯೇನೇ?" ಎಂದು ಅಮ್ಮ ದಿನಾ ಗದರುತ್ತಿದ್ದಳು. ಅಜ್ಜ ಮಾತ್ರ ತನ್ನ ಮೇಜಿನ ಪಕ್ಕದಲ್ಲೇ ಅವಳಿಗೊಂದು ಪುಟ್ಟ ಮೇಜು ಮಾಡಿಸಿಟ್ಟಿದ್ದ.

ಗುಬ್ಬಿಗೆ ಅಂಗಡಿಯೆಂದರೆ ಪ್ರಾಣ. ಸಂಜೆಯ ಬಿಸಿಲು ಅಲ್ಲಿಯ ಗಾಜುಗಳನ್ನೆಲ್ಲ ಹೊಕ್ಕು ಹೊರಟು, ಬಣ್ಣದ ಮೀನುಗಳಾಗಿ ಗೋಡೆಯ ಮೇಲೆ ಈಜುತ್ತಿತ್ತು. ಹೊರಗೆ ಬೀದಿದೀಪಗಳು ಹತ್ತಿಯ ಉಂಡೆಗಳಂತೆ ಅರಳುತ್ತಿದ್ದವು. ವಿಶ್ವವಿದ್ಯಾಲಯವೋ, ದಿಬ್ಬದ ಮೇಲೆ ಕೂತ ಒಂದು ಬಿಳಿ ಮೋಡ. ಮೋಡದೊಳಗೆ ತನಗೇನು ಕೆಲಸ? ಅಲ್ಲಿರುವವರು ಬೇರೆಯೇ ಮಣ್ಣಿನಿಂದಾದವರು ಎಂದು ಅವಳಿಗೆ ಒಳಗೊಳಗೇ ಹೆದರಿಕೆ. ಶಾಲೆಯಲ್ಲೂ ಕಿವಿಯಿಂದಲೇ ಕಲಿತು ಪಾಸಾದವಳು ಅವಳು, ಕರಿಹಲಗೆಯ ಗೊಡವೆಗೆ ಹೋದವಳಲ್ಲ.

"ಅಜ್ಜ, ನಾನು ಇಲ್ಲೇ ಇದ್ದುಬಿಡ್ತೀನಿ," ಎಂದಳು ಆ ಸಂಜೆ.

ಅಜ್ಜನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ಹಾಗಾದ್ರೆ ಕುರ್ಚಿ ಹತ್ತು! ಅಂಗಡೀಲಿ ಕೂರೋರ ಕಣ್ಣು ಮೊದ್ಲು ನೋಡ್ಬೇಕು."

ಗುಬ್ಬಿ ನಕ್ಕಳು. ಗೋಡೆಯ ಅಕ್ಷರದ ಹಲಗೆ ಅವಳಿಗೆ ತೊಟ್ಟಿಲಲ್ಲೇ ಬಾಯಿಪಾಠ. ತೊದಲುವಾಗಲೇ ಅದನ್ನೊಪ್ಪಿಸಿ ಗಿರಾಕಿಗಳಿಂದ ಚಪ್ಪಾಳೆ ಗಿಟ್ಟಿಸಿದ್ದಳು. ಅಂದಿನಿಂದ 'ನಮ್ಮ ಗುಬ್ಬಿಗೆ ಹದ್ದಿನ ಕಣ್ಣು' ಎಂಬ ಮಾತು ಮನೆಯಲ್ಲಿ ಖಾಯಮ್ಮಾಗಿತ್ತು. ಅವಳೂ ನಂಬಿದ್ದಳು. ಈಗಲೂ ಮೇಲಿನ ಸಾಲಿನಿಂದ ಕೊನೆಯವರೆಗೆ ನೀರು ಕುಡಿದಂತೆ ಹೇಳಿ ಮುಗಿಸಿದಳು.

ಅಜ್ಜ ಹಲಗೆಯತ್ತ ತಿರುಗಿ, ಮತ್ತೆ ಅವಳತ್ತ ತಿರುಗಿದ.

"ಯಾಕಜ್ಜ, ತಪ್ಪಾಯ್ತಾ?"

"ಒಂದಕ್ಷರಾನೂ ತಪ್ಪಿಲ್ಲ ಕಣೇ. ಆದ್ರೆ ನೀನು ಓದಿದ್ದು ಹಳೇ ಹಲಗೆ. ಬೆಳಿಗ್ಗೆ ಅದನ್ನ ತೆಗೆದು ಹೊಸದು ಹಾಕಿದೀನಿ."

ಗುಬ್ಬಿ ಕಣ್ಣು ಕಿರಿದು ಮಾಡಿ ನೋಡಿದಳು. ಒಂದು ಬೆಳ್ಳನೆಯ ಚೌಕ, ಅದರಲ್ಲಿ ಇರುವೆ ಹರಿದಂತೆ ಏನೋ ಕಪ್ಪು.

"ಊರವರಿಗೆಲ್ಲ ಕನ್ನಡಕ ಹಾಕ್ಸಿದೆ, ದೀಪದ ಬುಡದಲ್ಲೇ ಕತ್ತಲೆ!" ಅಜ್ಜ ಹಣೆ ಚಚ್ಚಿಕೊಂಡ. "ಅಷ್ಟು ದೂರದಲ್ಲಿ ನಾನು ನಿಂತ್ರೆ ನನ್ನ ಮುಖನಾದ್ರೂ ಕಾಣುತ್ತೇನೇ?"

"ನೀನೂಂತ ಗೊತ್ತಾಗುತ್ತೆ. ಮುಖ ಕಾಣಲ್ಲ."

ಅಜ್ಜ ಹತ್ತಿರ ಬಂದು ಚೌಕಟ್ಟು ತೊಡಿಸಿದ. ಇದಾ, ಅದಾ? ಅದು. ಇದಾ, ಅದಾ? ಇದು. ಗಾಜುಗಳು ಒಂದೊಂದೇ ಕೂತವು. ಕೊನೆಗೆ ಅಜ್ಜ ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿದ.

ಹತ್ತಿಯ ಉಂಡೆಗಳೆಲ್ಲ ಮುದುಡಿ ಸಾದಾ ಬಲ್ಬುಗಳಾಗಿದ್ದವು. ಗುಬ್ಬಿಗೆ ಅಳುವೇ ಬಂತು. ಆಮೇಲೆ ದಿಬ್ಬದತ್ತ ನೋಡಿದಳು. ಮೋಡಕ್ಕೆ ಕಿಟಕಿಗಳಿದ್ದವು! ಒಂದರಲ್ಲಿ ಯಾರೋ ಒದ್ದೆ ಟವೆಲು ಕೊಡವುತ್ತಿದ್ದರು. ಟವೆಲು ಕೈಜಾರಿ ಕೆಳಗೆ ಬಿತ್ತು, ಅವರು ತಲೆ ಮೇಲೆ ಕೈಹೊತ್ತು ನಿಂತರು.

"ಅಜ್ಜ, ಅಲ್ಲಿರೋರೂ ನಮ್ಮಂಥೋರೇ!"

ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ನುಣ್ಣಗಿದ್ದಷ್ಟು ದಿನ ಅದನ್ನು ಹತ್ತುವ ಯೋಚನೆ ಅವಳಿಗೆ ಬಂದಿರಲಿಲ್ಲ. ಈಗ ದಿಬ್ಬದ ತುಂಬ ಕಲ್ಲು, ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಕಂಡವು.

ಅಜ್ಜ ಅವಳನ್ನೇ ನೋಡುತ್ತಿದ್ದ. ಆಮೇಲೆ ಮೆಲ್ಲಗೆ ಹಿಂದೆ ಸರಿದು ಹಲಗೆಯ ಪಕ್ಕ ಹೋಗಿ ನಿಂತ. "ಹೇಳು ಮತ್ತೆ. ಇದಾ, ಅದಾ?"

ಈ ಸಲ ಅವನು ಕೇಳಿದ್ದು ಗಾಜಿನ ವಿಷಯವಲ್ಲ. ಗುಬ್ಬಿ ಅವನತ್ತ ತಿರುಗಿದಳು.

"ಅದು."

"ಭೇಷ್! ಹೋಗಿ ಬಾ. ನನಗೇನಂತೆ, ಆ ಮೇಜಿನ ಮೇಲೆ ಹೂಕುಂಡ ಇಡ್ತೀನಿ." ದನಿಯಲ್ಲಿ ಎಂದಿನದೇ ಹುರುಪು.

ಆದರೆ ಅಜ್ಜನ ತುಟಿ ಅದುರುತ್ತಿತ್ತು. ಕಣ್ಣೀರು ಕೆನ್ನೆಯಿಂದ ಗಡ್ಡಕ್ಕಿಳಿದಿತ್ತು. ಅಷ್ಟು ದೂರದಿಂದ ಇವಳಿಗೆ ಮುಖ ಕಾಣದೆಂದು ಅಲ್ಲಿ ಹೋಗಿ ನಿಂತಿದ್ದ. ತಾನೇ ಗಾಜು ತೊಡಿಸಿದ್ದು ಮರೆತೇಹೋಗಿತ್ತು.

ಗುಬ್ಬಿ ಏನೂ ಕಾಣದವಳಂತೆ ಚೌಕಟ್ಟು ತೆಗೆದು ಮಡಿಲಲ್ಲಿಟ್ಟುಕೊಂಡಳು. ಅಜ್ಜ ಮತ್ತೆ ಮೊದಲಿನಂತೆ ಬೆಚ್ಚನೆಯ ಮಸುಕಾದ.

"ಅಜ್ಜ, ನಂಗೊಂದು ಕನ್ನಡಕ ಮಾಡ್ಕೊಡ್ತೀಯಾ?"

"ಮಾಡದೆ ಇರ್ತೀನೇನೇ?" ಎಂದಿತು ಆ ಮಸುಕು, ನಗುತ್ತ, ತೋಳಿನಿಂದ ಮುಖ ಒರೆಸಿಕೊಳ್ಳುತ್ತ.