ತೂಕ ಓದುವ ಅಕ್ಕ

ಭಾನುವಾರ ಬೆಳಗಿನ ತಿಂಡಿಯ ಹೊತ್ತು. ಬೇಕರಿಯಿಂದ ತಂದ ಬನ್ನುಗಳು ಇನ್ನೂ ಬಿಸಿಯಾಗಿದ್ದವು. ಅನ್ನೆಗ್ರೆಟ್ ಗಂಡನ ತಟ್ಟೆಗೆ ಎರಡು ಹಾಕಿ, ಹೆಣ್ಣುಮಕ್ಕಳಿಗೆ ಅರ್ಧರ್ಧ ಕೊಟ್ಟು, ಬುಟ್ಟಿಯನ್ನು ತನ್ನ ಮಗ್ಗುಲಿಗೆ ಎಳೆದುಕೊಂಡಳು. ಹದಿಮೂರು ವರ್ಷಗಳಿಂದ ಆ ಮನೆಯಲ್ಲಿ ಬುಟ್ಟಿಯ ಜಾಗ ಅದೇ.

ಹೆನ್ರೀಕೆ ತಂಗಿಯ ತಟ್ಟೆಯನ್ನೇ ನೋಡುತ್ತಿದ್ದಳು. ಒಂಬತ್ತು ವರ್ಷದ ಯೂಲೆ ಬನ್ನನ್ನು ಪುಡಿ ಮಾಡಿ, ತಿಂದಂತೆ ಕಾಣಲು ತಟ್ಟೆಯ ಅಂಚಿಗೆಲ್ಲ ಹರಡುತ್ತಿದ್ದಳು. ಆ ಕಳ್ಳಾಟ ಹೆನ್ರೀಕೆಗೆ ಹೊಸದಲ್ಲ. ಒಂದು ಕಾಲಕ್ಕೆ ಅವಳದೇ. ಮಗುವಿನ ತುಟಿ ಒಣಗಿ ಬಿರುಕು ಬಿಟ್ಟಿತ್ತು.

"ಹಾಲಾದ್ರೂ ಕುಡಿಯೇ."

"ನಾಳೆ ತೂಕ ಇದೆಯಲ್ಲಕ್ಕ, ನೀರೂ ಕುಡಿಯಲ್ಲ. ನೀನೇ ತಾನೆ ಓದೋದು?"

ಹೆನ್ರೀಕೆಯ ಕೈಯಲ್ಲಿದ್ದ ಚಮಚ ತಟ್ಟೆಗೆ ಬಿತ್ತು.

ಆರನೆಯ ವಯಸ್ಸಿಗೆ ಜಿಮ್ನಾಸ್ಟಿಕ್ಸ್ ಹಾಲ್ ಸೇರಿದವಳು ಅವಳು. ಹನ್ನೆರಡಕ್ಕೆ ರಾಜ್ಯದ ಪದಕ, ಹದಿನಾರಕ್ಕೆ ಜರ್ಮನಿಯ ತಂಡ. ಈಗ ಹತ್ತೊಂಬತ್ತು. ಆ ಹಾಲ್‌ನಲ್ಲೊಂದು ಪದ್ಧತಿಯಿತ್ತು. ಪ್ರತಿ ಸೋಮವಾರ ಹುಡುಗಿಯರು ಬರಿಗಾಲಲ್ಲಿ ಸಾಲು ನಿಂತು ತೂಕದ ಯಂತ್ರ ಹತ್ತಬೇಕು. ಎಲ್ಲರಿಗಿಂತ ಹಿರಿಯಳು ಅಂಕಿಯನ್ನು ಗಟ್ಟಿಯಾಗಿ ಓದಿ ಹಲಗೆಯ ಮೇಲೆ ಬರೆಯಬೇಕು. ಅದು ದೊಡ್ಡ ಗೌರವ. ಮೂರು ವರ್ಷಗಳಿಂದ ಆ ಗೌರವ ಹೆನ್ರೀಕೆಯದು. ಎಷ್ಟು ಮಕ್ಕಳ ಕಣ್ಣುಗಳು ಅವಳ ದನಿಗೆ ತುಂಬಿಕೊಂಡಿದ್ದವೋ, ಅವಳು ತಿರುಗಿ ನೋಡಿರಲಿಲ್ಲ.

ಹೋದ ತಿಂಗಳು ಅವಳ ಪಾದದ ಮೂಳೆ ಬಿರುಕು ಬಿಟ್ಟಿತ್ತು. ಡಾಕ್ಟರ್ ಎಕ್ಸ್‌ರೇ ಚಿತ್ರವನ್ನು ಬೆಳಕಿಗೆ ಹಿಡಿದು, "ಇದು ಅರವತ್ತರ ಹೆಂಗಸಿನ ಮೂಳೆ ಥರ ಇದೆಯಲ್ಲಮ್ಮ. ಮುಟ್ಟಾಗಿ ಎಷ್ಟು ದಿನ ಆಯ್ತು?" ಎಂದಿದ್ದರು.

"ಇನ್ನೂ ಆಗೇ ಇಲ್ಲ."

ಡಾಕ್ಟರ್ ಪೆನ್ನು ಕೆಳಗಿಟ್ಟಿದ್ದರು. ತರಬೇತಿ ಕೊಡುವ ಟಿಲ್ನರ್ ಮೇಡಮ್‌ಗೆ ಈ ವಿಷಯ ಹೆನ್ರೀಕೆಯ ಹದಿನೈದನೆಯ ವಯಸ್ಸಿಗೇ ಗೊತ್ತಿತ್ತು. "ಒಳ್ಳೇದೇ ಆಯ್ತು ಬಿಡು, ಮೈ ಹಗುರ ಇರುತ್ತೆ" ಎಂದಿದ್ದರು. ಈಗ ಬಿರುಕಿಗೂ ಅವರಲ್ಲಿ ನೋವಿನ ಮಾತ್ರೆಯಿತ್ತು. ಯುರೋಪಿನ ಪಂದ್ಯಕ್ಕೆ ತಂಡ ಆರಿಸುವುದು ಇದೇ ವಾರ.

"ಅಮ್ಮ, ಯೂಲೆನ ಆ ಹಾಲ್‌ನಿಂದ ಬಿಡಿಸೋಣ" ಎಂದಳು ಹೆನ್ರೀಕೆ, ತಂಗಿಯ ತಟ್ಟೆಯಿಂದ ಕಣ್ಣೆತ್ತಿ.

"ತಲೆ ಕೆಟ್ಟಿದೆಯಾ? ಜರ್ಮನಿ ಎರಡಾಗಿದ್ದಾಗ, ಆ ಗೋಡೆ ಬೀಳೋಕೆ ಮುಂಚೆ, ಜಿಮ್ನಾಸ್ಟಿಕ್ಸ್ ಮಾಡ್ತಿದ್ದ ನಮ್ಮನ್ನ ದಿನಕ್ಕೆ ಎರಡು ಸಲ ತೂಗ್ತಿದ್ರು ಕಣೇ. ನಾನೇನು ಸತ್ತುಹೋದ್ನಾ?"

"ಸಾಯ್ಲಿಲ್ಲ. ಐವತ್ತಾಗೋಕೆ ಮುಂಚೆ ಮೆಟ್ಟಿಲು ಇಳಿಯೋಕೆ ಕಂಬಿ ಹಿಡ್ಕೋತೀಯ."

"ನಿನಗೆ ಸಿಕ್ಕಿದ್ದು ಅವಳಿಗೆ ಸಿಗಬಾರದು, ಅಲ್ವಾ? ಹೊಟ್ಟೆಕಿಚ್ಚು!"

ಅಪ್ಪ ಪತ್ರಿಕೆಯ ಪುಟ ತಿರುಗಿಸಿದ.

ಸೋಮವಾರ ಹಾಲ್‌ನಲ್ಲಿ ಅಂಗೈಗೆ ಹಚ್ಚಿಕೊಳ್ಳುವ ಸೀಮೆಸುಣ್ಣದ ಪುಡಿಯ ವಾಸನೆ. ಹನ್ನೊಂದು ಹುಡುಗಿಯರ ಸಾಲು. ಹೆನ್ರೀಕೆ ಮೊದಲ ಹುಡುಗಿಯ ಅಂಕಿ ಓದಿದಾಗ ಮೇಡಮ್ ನಕ್ಕರು. "ಏನಮ್ಮ, ಅಜ್ಜಿ ಮನೇಲಿ ಕೇಕ್ ಹಬ್ಬಾನಾ? ನೀನು ಹತ್ತಿದ್ರೆ ಕಂಬೀನೇ ಅಳುತ್ತೆ." ಎಲ್ಲರೂ ನಕ್ಕರು. ನಗದಿದ್ದರೆ ಮುಂದಿನ ಮಾತು ನಗದವಳಿಗೇ.

ನಾಲ್ಕನೆಯವಳು ಯೂಲೆ. ಯಂತ್ರ ಹತ್ತಿದಳು. ಉಸಿರು ಬಿಗಿಹಿಡಿದು, ಕಣ್ಣು ಮುಚ್ಚಿದಳು. ಉಸಿರಿಗೂ ತೂಕವಿದೆಯೆಂದು ಹೆನ್ರೀಕೆಯೂ ಹಿಂದೆ ನಂಬಿದ್ದಳು.

ಅಂಕಿ ನಿಂತಿತು. ಹೋದ ವಾರಕ್ಕಿಂತ ಮುನ್ನೂರು ಗ್ರಾಂ ಹೆಚ್ಚು. ಎರಡು ದಿನ ಹೆಚ್ಚುಕಡಿಮೆ ಏನೂ ತಿನ್ನದ ಮಗು ಬೆಳೆದಿತ್ತು, ಅಷ್ಟೆ.

"ಓದು" ಎಂದರು ಮೇಡಮ್.

ಹೆನ್ರೀಕೆ ಕೈಯಲ್ಲಿದ್ದ ಸೀಮೆಸುಣ್ಣವನ್ನು ಕೆಳಗಿಟ್ಟಳು.

"ಏನು, ಅಕ್ಷರ ಮರೆತುಹೋಯ್ತಾ?"

"ಓದಲ್ಲ ಮೇಡಮ್."

"ತಂಗಿ ಅಂತ ರಿಯಾಯ್ತಿನಾ?"

"ಯಾರದ್ದೂ ಓದಲ್ಲ. ಮೂರು ವರ್ಷ ಓದಿದ್ದೇ ತಪ್ಪು." ಸಾಲಿನ ಕಡೆ ತಿರುಗಿದಳು. "ನೀವೆಲ್ಲ ಹೋಗಿ ನೀರು ಕುಡೀರಿ."

ಯಾರೂ ಅಲುಗಲಿಲ್ಲ. ಮೇಡಮ್ ದನಿ ಏರಿಸಲಿಲ್ಲ. "ಈ ಬಾಗಿಲು ದಾಟಿದ್ರೆ ತಂಡದ ಪಟ್ಟೀಲಿ ನಿನ್ನ ಹೆಸರಿರಲ್ಲ. ಹದಿಮೂರು ವರ್ಷ, ಹೆನ್ರೀಕೆ. ಒಂದು ಸಲ ಯೋಚಿಸು."

ಹೆನ್ರೀಕೆ ಯೋಚಿಸಿದಳು. ಪಾದ ಸಿಡಿಯುತ್ತಿತ್ತು. ಅಂಗೈಯಿಂದ ಹಲಗೆಯನ್ನು ಒರೆಸಿ, ತಂಗಿಯನ್ನು ಯಂತ್ರದಿಂದ ಎತ್ತಿಕೊಂಡು ಕುಂಟುತ್ತ ಹೊರಟಳು. ಮಗು ಎತ್ತಿಕೊಳ್ಳಲು ಎಷ್ಟು ಹಗುರವಾಗಿತ್ತೆಂದರೆ ಅವಳಿಗೆ ಭಯವಾಯಿತು.

ಟ್ರಾಮ್ ನಿಲ್ದಾಣದ ಬೆಂಚಿನ ಮೇಲೆ ಯೂಲೆ ಬಿಕ್ಕಿ ಬಿಕ್ಕಿ ಅಳತೊಡಗಿದಳು.

"ಎಷ್ಟಿತ್ತಕ್ಕ? ಹೇಳು. ಜಾಸ್ತಿ ಇತ್ತಾ? ಅದಕ್ಕೇ ಓದ್ಲಿಲ್ವಾ?"

"ನನಗೆ ನೆನಪಿಲ್ಲ" ಎಂದು ಸುಳ್ಳು ಹೇಳಿ, ಹೆನ್ರೀಕೆ ನೀರಿನ ಬಾಟಲಿಯ ಮುಚ್ಚಳ ತೆಗೆದು ಅವಳ ಮುಂದೆ ಹಿಡಿದಳು.

ಯೂಲೆ ಬಾಟಲಿಯನ್ನು ನೋಡಿದಳು. ತಿರುಗಿ ಹಾಲ್‌ನ ಕಿಟಕಿಯನ್ನು ನೋಡಿದಳು. ಅಲ್ಲಿ ಯಾರೂ ನಿಂತಿಲ್ಲವೆಂದು ಖಾತ್ರಿಯಾದ ಮೇಲೆ ಒಂದೇ ಒಂದು ಗುಟುಕು ಕುಡಿದಳು.

ಟ್ರಾಮ್ ಬಂತು, ಹೋಯಿತು. ಹೆನ್ರೀಕೆ ಏಳಲಿಲ್ಲ. ಬಾಟಲಿಯನ್ನು ಹಾಗೇ ಹಿಡಿದುಕೊಂಡು, ಎರಡನೆಯ ಗುಟುಕಿಗಾಗಿ ಕಾಯುತ್ತ ಕುಳಿತಳು.