ಬೆಳಗಿನ ಪೂಜೆಯ ಹೊತ್ತು

ನಮ್ಮ ಮಗ ಸುಬ್ಬಪ್ಪ ಲಿಂಗೈಕ್ಯನಾದ ಸುದ್ದಿ ಬಂದ ಬೆಳಿಗ್ಗೆ ನಾನು ಇಷ್ಟಲಿಂಗದ ಪೂಜೆಗೆ ಕುಳಿತಿದ್ದೆ. ಅಂಗೈಯಲ್ಲಿ ಲಿಂಗವಿರುವಾಗ ನನ್ನನ್ನು ಯಾರೂ ಮಾತನಾಡಿಸುವುದಿಲ್ಲ. ನಮ್ಮ ತಂದೆಯ ಕಾಲದಿಂದ ಮನೆಯಲ್ಲಿ ನಡೆದುಬಂದ ಕಟ್ಟು ಅದು. ಸುಬ್ಬಪ್ಪನ ಜೊತೆಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಆರುಮುಗಂ ಮೊದಲ ರೈಲಿಗೇ ಶಿವಮೊಗ್ಗಕ್ಕೆ ಬಂದು, ಜಗಲಿಯ ಕೆಳಗೆ ನಿಂತು, "ಅಮ್ಮಾ, ಚಳಿಜ್ವರ ತಲೆಗೇರಿ ನಮ್ಮ ಸುಬ್ಬಪ್ಪಣ್ಣ ಹೋಗ್ಬಿಟ್ರು" ಎಂದು ನನ್ನ ಹೆಂಡತಿ ಪದ್ಮಮ್ಮನಿಗೆ ಹೇಳಿದ್ದ. ನನಗದು ಕೇಳಿಸಿರಲಿಲ್ಲ. ಬಸುರಿಯಾಗಿದ್ದ ಸೊಸೆ ತುಂಗಮ್ಮ ಹಿತ್ತಲಲ್ಲಿದ್ದಳು, ಅವಳಿಗೂ ಕೇಳಿಸಿರಲಿಲ್ಲ.

ಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಯಲ್ಲಿಟ್ಟು ತಿರುಗಿದೆ. ಪದ್ಮಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದಳೋ, ಸೆರಗಿನ ಅಂಚು ಒದ್ದೆಯಾಗಿತ್ತು.

ಆ ದಿನದಿಂದ ನನ್ನ ನಿದ್ದೆ ಹಾರಿಹೋಯಿತು. ಮೊದಲ ತಿಂಗಳುಗಳಲ್ಲಿ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಮಗನನ್ನು ಮಣ್ಣು ಮಾಡಿದ ತಂದೆ ನಿದ್ದೆ ಮಾಡದಿದ್ದರೆ ಅದರಲ್ಲಿ ಆಶ್ಚರ್ಯವೇನು? ಮೊಮ್ಮಗಳು ಹುಟ್ಟಿದಳು. ವೇದಾ ಎಂದು ಹೆಸರಿಟ್ಟೆವು. ಅವಳು ಮಗುಚಿಕೊಂಡಳು, ಅಂಬೆಗಾಲಿಟ್ಟಳು, ನಡೆದಳು. ನನ್ನ ನಿದ್ದೆ ಮಾತ್ರ ಮರಳಲಿಲ್ಲ. ಪದ್ಮಮ್ಮ ನೆತ್ತಿಗೆ ಬ್ರಾಹ್ಮಿ ಎಣ್ಣೆ ತಟ್ಟಿದಳು. ಎಮ್ಮೆಹಾಲಿಗೆ ಜಾಯಿಕಾಯಿ ತೇಯ್ದು ಕೊಟ್ಟಳು, ಗಸಗಸೆ ಪಾಯಸ ಮಾಡಿದಳು. ಶಿವಮೊಗ್ಗ ಪೇಟೆಯ ಡಾಕ್ಟರರ ಬಾಟ್ಲಿ ಔಷಧಿಯನ್ನೂ ಕುಡಿಯತೊಡಗಿದೆ. ಅದು ನಿದ್ದೆಯನ್ನಲ್ಲ, ಮಂಕನ್ನು ಕೊಟ್ಟಿತು. ಮಾರನೆಯ ದಿನವೆಲ್ಲ ತಲೆಯೊಳಗೆ ಒದ್ದೆ ಹತ್ತಿ ತುರುಕಿದಂತೆ ಇರುತ್ತಿತ್ತು.

ಎಚ್ಚರವಾದಾಗ ಸುಮ್ಮನೆ ಹೊರಳುವುದೇಕೆಂದು ನಾನು ಎದ್ದು, ತಣ್ಣೀರು ಸುರಿದುಕೊಂಡು ಪೂಜೆಗೆ ಕೂರುವುದನ್ನು ರೂಢಿ ಮಾಡಿಕೊಂಡೆ. ಒಂದು ದಿನ ಬೆಳ್ಳಿ ಮೂಡುವ ಹೊತ್ತಿಗೆ, ಇನ್ನೊಂದು ದಿನ ಊರು ಆಗತಾನೆ ಮಲಗಿದ ಹೊತ್ತಿಗೆ. ಯಾರಾದರೂ ಬಂದು ಬಾಗಿಲು ತಟ್ಟುವ ಮೊದಲೇ ಪೂಜೆ ಮುಗಿದುಬಿಟ್ಟರೆ ಎದೆ ಹಗುರಾಗುತ್ತಿತ್ತು. ಪಕ್ಕದ ಮನೆಯ ಮಹಾಂತಮ್ಮ ನೀರಿನ ಸದ್ದು ಕೇಳಿಸಿಕೊಂಡು ಬೀದಿಯಲ್ಲೆಲ್ಲ ಹೊಗಳಿದರು: "ಈಶ್ವರಪ್ಪ ಮೇಷ್ಟ್ರಂಥ ಶಿವಭಕ್ತರು ಎಲ್ಲಿದ್ದಾರೆ ಹೇಳಿ! ನಮ್ಮನೇಲಿದ್ದಾರಲ್ಲ, ಬಿಸಿಲು ಬೆನ್ನಿಗೆ ಚುಚ್ಚಿದ್ರೂ ಏಳಲ್ಲ." ಹಳೆಯ ಕೂಲಿಮಠದಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿ ಮುದುಕನಾದ ನನ್ನನ್ನು ಜನ ದಾರಿಯಲ್ಲಿ ನಿಲ್ಲಿಸಿ ಕೈಮುಗಿಯತೊಡಗಿದರು. ಹಗಲಿನಲ್ಲಿ ಮಾತ್ರ ಜಗಲಿಯ ಕಂಬಕ್ಕೆ ಒರಗಿದರೆ ಸಾಕು, ಕತ್ತು ವಾಲಿಬಿಡುತ್ತಿತ್ತು.

ಹಾಗೆ ಕತ್ತು ವಾಲಿದ್ದ ಒಂದು ಮಧ್ಯಾಹ್ನ ವೇದಾಳನ್ನು ನೋಡಿಕೊಳ್ಳುವುದು ನನ್ನ ಪಾಲಿಗಿತ್ತು. ನಮ್ಮ ಮನೆ ಕೋಟೆಯ ಕಡೆ, ತುಂಗೆಗೆ ಹತ್ತಿರ. ಕಣ್ಣು ತೆರೆದಾಗ ಮಹಾಂತಮ್ಮ ಎದುರಿಗೆ ನಿಂತಿದ್ದರು. ಕಂಕುಳಲ್ಲಿ ಮಗು, ಮಗುವಿನ ಲಂಗದ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. "ಹೊಳೆ ಮೆಟ್ಟಿಲ ಮೇಲಿದ್ಲು ಮೇಷ್ಟ್ರೆ. ಬಟ್ಟೆ ಒಗೆಯೋಕೆ ನಾನು ಹೋಗಿದ್ದು ಪುಣ್ಯ" ಎಂದರು. ಆ ದಿನ ಅವರು ನನ್ನ ಭಕ್ತಿಯ ಮಾತೆತ್ತಲಿಲ್ಲ.

ತುಂಗಮ್ಮ ಕೂಗಾಡಲಿಲ್ಲ. ಮಗುವಿನ ತಲೆ ಒರೆಸುತ್ತಲೇ ಹೇಳಿದಳು: "ಮಾವ, ನಾನು ತರೀಕೆರೆಗೆ ಅಣ್ಣನ ಮನೆಗೆ ಹೋಗ್ತೀನಿ. ಇವಳನ್ನ ಕರ್ಕೊಂಡು."

"ಕೆಲಸ?" ಎಂದೆ. ಬೇಸಿಗೆ ರಜೆ ಕಳೆದ ಮೇಲೆ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುವ ಕೆಲಸಕ್ಕೆ ಅವಳಿಗೆ ಕರೆ ಬಂದಿತ್ತು. ಅವಳು ಹಗಲೆಲ್ಲ ಶಾಲೆಯಲ್ಲಿದ್ದರೆ ಮಗುವಿನ ಹಿಂದೆ ಓಡಲು ಮಂಡಿನೋವಿನ ಪದ್ಮಮ್ಮನಿಂದ ಆಗದು. ಆ ಕೆಲಸ ನನ್ನದೇ ಎಂದು ಮಾತಾಗಿತ್ತು.

"ಕೆಲಸ ಬಿಡ್ತೀನಿ. ಇನ್ನೇನು ಮಾಡ್ಲಿ, ನೀವೇ ಹೇಳಿ."

ಅಣ್ಣನ ಮನೆಯಲ್ಲಿ ಅವಳ ಬದುಕು ಒಲೆಯ ಮುಂದೆಯೇ ಮುಗಿಯುತ್ತದೆ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. "ಶಾಲೆ ತೆರೆಯೋವರೆಗೆ ತಡಿ ತಾಯಿ" ಎಂದಷ್ಟೇ ಕೇಳಿಕೊಂಡೆ.

ಮರುದಿನ ಭದ್ರಾವತಿಗೆ ಹೋದೆ. ಅದು ಬೆಂಕಿಪುರವಾಗಿದ್ದ ಕಾಲದಿಂದಲೂ ನಾನು ಕಂಡ ಊರು. ಮಗ ಹೋದ ಮೇಲೆ ಅತ್ತ ಕಾಲಿಟ್ಟಿರಲಿಲ್ಲ. ಸುಬ್ಬಪ್ಪನನ್ನು ಕೊನೆಯಲ್ಲಿ ನೋಡಿಕೊಂಡ ಡಾಕ್ಟರು ಧರ್ಮಪ್ಪನವರ ಔಷಧಾಲಯ ಪೇಟೆಬೀದಿಯಲ್ಲಿತ್ತು. ಬೆಂಚಿನ ಮೇಲೆ ಕಾರ್ಖಾನೆಯ ಕೂಲಿಗಳು ಕುಳಿತು ತಮಿಳಿನಲ್ಲಿ, ತೆಲುಗಿನಲ್ಲಿ ಹರಟುತ್ತಿದ್ದರು. ನನ್ನ ಸರದಿ ಬಂದಾಗ ಡಾಕ್ಟರು ನಾಡಿಯನ್ನೂ ಎದೆಯನ್ನೂ ನೋಡಿ, "ರೋಗ ಏನೂ ಕಾಣ್ಸಲ್ಲ. ಎಚ್ಚರ ಆದಾಗ ಏನು ಮಾಡ್ತೀರಿ?" ಎಂದರು.

"ಸ್ನಾನ, ಪೂಜೆ."

"ಎಷ್ಟು ಹೊತ್ತಿಗೆ?"

"ಎಚ್ಚರ ಆದ ಹೊತ್ತಿಗೆ."

ಡಾಕ್ಟರು ನಕ್ಕುಬಿಟ್ಟರು. "ಅಲ್ಲ ಮೇಷ್ಟ್ರೆ, ಹೊರಗೆ ಬೆಂಚಿನ ಮೇಲಿರೋರು ವಾರಕ್ಕೊಂದ್ಸಲ ಪಾಳಿ ಬದಲಾದ್ರೇ ನಿದ್ದೆ ಕೆಟ್ಟು ನನ್ನ ಹತ್ರ ಓಡಿ ಬರ್ತಾರೆ. ನೀವು ಕಾರ್ಖಾನೆ ಇಲ್ದೆ ದಿನಾ ಪಾಳಿ ಬದಲಾಯಿಸ್ತಿದ್ದೀರಲ್ಲ! ತಣ್ಣೀರು ಬೇರೆ. ಮೈ ಪಾಪ, ಬೆಳಗಾಯ್ತು ಅಂದ್ಕೊಳ್ಳುತ್ತೆ."

ಅವರು ಹೊಸ ಔಷಧಿ ಕೊಡಲಿಲ್ಲ. ಈಗ ಕುಡಿಯುತ್ತಿರುವ ಬಾಟ್ಲಿ ಔಷಧಿಯನ್ನು ಸ್ವಲ್ಪಸ್ವಲ್ಪವಾಗಿ ಇಳಿಸಿ ಬಿಡಬೇಕು, ಏಳುವ ಹೊತ್ತು ಒಂದೇ ಇರಬೇಕು, ರಾತ್ರಿ ಹೇಗೇ ಕಳೆದಿರಲಿ, ಹಗಲು ಒರಗಕೂಡದು, ನಿದ್ದೆ ತೂಗುವ ಮೊದಲು ಹಾಸಿಗೆಗೆ ಹೋಗಕೂಡದು, ನಡುವೆ ಎಚ್ಚರವಾಗಿ ಹೊರಳಾಟ ಶುರುವಾದರೆ ಎದ್ದು ಮಂಕು ಬೆಳಕಿನಲ್ಲಿ ಸುಮ್ಮನೆ ಕೂತಿದ್ದು, ಕಣ್ಣೆಳೆದಾಗ ಮತ್ತೆ ಮಲಗಬೇಕು. ಸ್ನಾನ, ಪೂಜೆ ಬೆಳಗಿಗೆ. ಮಧ್ಯಾಹ್ನದ ಮೇಲೆ ಕಾಫಿ ಬೇಡ.

"ಮೊದಮೊದಲು ಈಗಿನದಕ್ಕಿಂತ ಕಷ್ಟ ಆಗುತ್ತೆ. ಆಗ ನನ್ನನ್ನ ಬಯ್ಕೊಳ್ಳಿ, ಆದ್ರೆ ಬಿಡಬೇಡಿ" ಎಂದರು. ಆಮೇಲೆ ದನಿ ತಗ್ಗಿಸಿ, "ನಿಮ್ಮ ಹುಡುಗ ಕೊನೇಲಿ ನರಳಲಿಲ್ಲ. ಜ್ಞಾನ ತಪ್ಪಿತ್ತು. ನೀವು ಕೇಳ್ತೀರಿ ಅಂತ ಇಷ್ಟು ದಿನ ಕಾಯ್ತಿದ್ದೆ" ಎಂದರು. ಎರಡು ವರ್ಷಗಳಿಂದ ಅದನ್ನು ಕೇಳುವ ಧೈರ್ಯ ನನಗಾಗಿರಲಿಲ್ಲ. ಅವರ ಮೇಜಿನ ಮೇಲೆ ತಲೆಯಿಟ್ಟು ಅತ್ತೆ.

ಮನೆಗೆ ಬಂದು ಎಲ್ಲವನ್ನೂ ಪದ್ಮಮ್ಮನಿಗೆ ಹೇಳಿದೆ. "ಉಳಿದದ್ದೆಲ್ಲ ಮಾಡಬಹುದು. ಎಚ್ಚರವಿದ್ದೂ ಪೂಜೆಗೆ ಕೂರದೆ ಇರೋದು ಹ್ಯಾಗೆ? ಶಿವ ಮೆಚ್ಚುತ್ತಾನಾ?" ಎಂದೆ.

ಅವಳು ಬೀಸುಕಲ್ಲಿನ ಗೂಟ ಬಿಟ್ಟು ನನ್ನನ್ನು ನೋಡಿದಳು. "ಆವತ್ತು ನನ್ನ ಮಗನ ಸಾವನ್ನ ಬಾಯೊಳಗೇ ಇಟ್ಕೊಂಡು, ನಿಮ್ಮ ಪೂಜೆ ಮುಗಿಯೋವರೆಗೂ ಬಾಗಿಲಲ್ಲಿ ನಿಂತಿದ್ನಲ್ಲ, ಯಾಕೆ? ಪೂಜೆ ಕೆಡಬಾರದು ಅಂತ. ಹೆತ್ತೋಳು ನಾನು ಅಷ್ಟು ಕಾದೆ. ನಿಮ್ಮ ಶಿವ ಕೋಳಿ ಕೂಗೋವರೆಗೆ ಕಾಯಲ್ವಾ?"

ಅವಳು ಮತ್ತೆ ಬೀಸತೊಡಗಿದಳು. ರಾಗಿಹಿಟ್ಟು ಕಲ್ಲಿನ ಸುತ್ತ ಬೀಳುತ್ತಲೇ ಇತ್ತು.

ಡಾಕ್ಟರು ಹೇಳಿದ್ದು ಸುಳ್ಳಾಗಲಿಲ್ಲ. ಮೊದಲ ದಿನಗಳು ನರಕವೇ. ಮಧ್ಯಾಹ್ನ ಕಣ್ಣು ಎಳೆದಾಗ ಪದ್ಮಮ್ಮ, "ಏಳಿ ಮಾರಾಯ್ರೆ, ಹೊಳೆ ಕಡೆ ಒಂದು ಸುತ್ತು ಹಾಕಿ ಬನ್ನಿ" ಎಂದು ಜಗಲಿಯಿಂದ ಎಬ್ಬಿಸುತ್ತಿದ್ದಳು. ರಾತ್ರಿ ಹಂಡೆಯ ಕಡೆಗೆ ಕಾಲು ತಾನಾಗಿ ಹೋಗುತ್ತಿತ್ತು. ತಡೆದುಕೊಂಡು, ಕೂತಲ್ಲೇ ಮನಸ್ಸಿನಲ್ಲಿ ನಮಶ್ಶಿವಾಯ ಅನ್ನುತ್ತಿದ್ದೆ. ಮಹಾಂತಮ್ಮ ಗಾಬರಿಯಾಗಿ ವಿಚಾರಿಸಲು ಬಂದರು: "ಏನು ಪದ್ಮಕ್ಕ, ನೀರಿನ ಸದ್ದೇ ಇಲ್ಲ? ಮೇಷ್ಟ್ರಿಗೆ ಹುಷಾರಿಲ್ವಾ?" ಪದ್ಮಮ್ಮ, "ಹುಷಾರಾಗ್ತಿದ್ದಾರೆ ಕಣ್ರೀ" ಎಂದಳು.

ಬಾಟ್ಲಿಯ ತಳ ಕಂಡಿತು. ಒಂದು ಬೆಳಿಗ್ಗೆ ಪದ್ಮಮ್ಮ ಭುಜ ಅಲುಗಿಸಿ, "ಹೊತ್ತಾಯ್ತು" ಎಂದಾಗ ನನಗೆ ಅರ್ಥವೇ ಆಗಲಿಲ್ಲ. ಈ ಎರಡು ವರ್ಷಗಳಲ್ಲಿ ಬೆಳಿಗ್ಗೆ ನನ್ನನ್ನು ಯಾರೂ ಎಬ್ಬಿಸಿರಲಿಲ್ಲ. ಆ ದಿನದ ಪೂಜೆಯಲ್ಲಿ ಅಂಗೈಯ ಲಿಂಗದ ಮೇಲೆ ದೃಷ್ಟಿ ನಿಂತಿತು; ಬಾಗಿಲ ಕಡೆ ಕಿವಿ ಹೋಗಲಿಲ್ಲ. ಮುಂದಿನ ವಾರ ಮತ್ತೆ ಕೆಲವು ರಾತ್ರಿ ಕೆಟ್ಟವು, ಮತ್ತೆ ಸರಿಹೋದವು. ಈಗಲೂ ಒಮ್ಮೊಮ್ಮೆ ಕೆಡುತ್ತವೆ. ಆದರೆ ಹೆದರುವುದಿಲ್ಲ.

ತುಂಗಮ್ಮ ಎಲ್ಲವನ್ನೂ ನೋಡುತ್ತಿದ್ದಳು. ನಾನು ಮಗುವಿಗೆ ತುತ್ತು ಕೊಡುವಾಗ, ಅವಳ ಹಿಂದೆ ಹಿತ್ತಲೆಲ್ಲ ಸುತ್ತುವಾಗ, ಅಡಿಗೆಮನೆಯ ಕಿಟಕಿಯಲ್ಲಿ ಸೊಸೆಯ ಮುಖ ಕಾಣುತ್ತಿತ್ತು. ಶಾಲೆ ತೆರೆಯುವ ದಿನ ಬಂತು. ಅವಳು ಒಗೆದ ಸೀರೆ ಉಟ್ಟು ಜಗಲಿಗೆ ಬಂದಳು. ತರೀಕೆರೆಗೆ ಒಯ್ಯಲೆಂದು ಕಟ್ಟಿಟ್ಟ ಗಂಟು ಇನ್ನೂ ಬಿಚ್ಚದೆ ಕೋಣೆಯಲ್ಲೇ ಇತ್ತು. ಹೊರಟದ್ದು ಶಾಲೆಗೋ ತರೀಕೆರೆಗೋ ತಿಳಿಯದೆ ಅವಳ ಮುಖವನ್ನೇ ನೋಡಿದೆ.

"ಮಾವ, ಇವಳು ಮಧ್ಯಾಹ್ನ ಮಲಗೋದಿಲ್ಲ. ಬಲು ತುಂಟಿ" ಎಂದಳು.

"ನಾನೂ ಮಲಗೋದಿಲ್ಲ ಕಣಮ್ಮ."

ಅವಳು ನಕ್ಕಳು, ಗಂಡ ಹೋದ ಮೇಲೆ ಅವಳು ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ವೇದಾಳನ್ನು ನನ್ನ ತೊಡೆಯ ಮೇಲೆ ಕೂರಿಸಿ, ಕೊಡೆ ಬಿಚ್ಚಿಕೊಂಡು ಬೀದಿಗಿಳಿದಳು. ತಿರುವಿನವರೆಗೂ ಹಿಂತಿರುಗಿ ನೋಡಲಿಲ್ಲ.

ಮಗು ನನ್ನ ಮೀಸೆ ಎಳೆಯುತ್ತಿತ್ತು. ನಾನು ಕಣ್ಣು ಮುಚ್ಚದೆಯೇ ಬೇಡಿಕೊಂಡೆ: ಶಿವನೇ, ನನ್ನ ಸುಬ್ಬಪ್ಪ ಚಿಕ್ಕ ವಯಸ್ಸಿನಲ್ಲೇ ಬಹಳ ದುಡಿದವನು. ತಾಯಿಯನ್ನೂ ಹೆಂಡತಿಯನ್ನೂ ನೆನೆದು ಅವನ ಜೀವ ಇನ್ನು ತಳಮಳಿಸದಿರಲಿ. ನಿನ್ನ ಪಾದದಲ್ಲಿ ಅವನಿಗೆ ಶಾಂತಿಯಿರಲಿ.