ಬರ್ಫದ ಕಾಲಂ

ನಾನು ಒಂದು ಥರ್ಮಾಸ್. ಅಗಲ ಬಾಯಿ, ತಗಡಿನ ಮೈ, ಮೈಮೇಲೆ ಒಂದು ಕಾಲಕ್ಕೆ ಕೆಂಪಾಗಿದ್ದ ಗುಲಾಬಿ ಹೂಗಳು. ನೋಡಿದವರು ಗಟ್ಟಿ ಆಸಾಮಿ ಎಂದುಕೊಳ್ಳುತ್ತಿದ್ದರು. ಆದರೆ ಒಳಗಿದ್ದದ್ದು ಗಾಜು. ಅದೂ ಉಗುರಿನಷ್ಟು ತೆಳುವಾದ, ಎರಡು ಪದರದ ಗಾಜು. ಹಾಗಾಗಿ ನಾನು ಹುಟ್ಟಾ ಪುಕ್ಕಲ.

ಹೆದರಿಕೆ ಅಂಟಿಕೊಂಡದ್ದು ಕಾರ್ಖಾನೆಯಲ್ಲಿಯೇ. ಎರಡು ಪದರಗಳ ನಡುವಿನ ಗಾಳಿ ಹೀರಿ ತೆಗೆದು, ಬುಡದ ಸಣ್ಣ ತುದಿಯನ್ನು ಬೆಂಕಿಯಲ್ಲಿ ಕರಗಿಸಿ ಮುಚ್ಚಿ, ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರು. ಆಮೇಲೆ ಪರೀಕ್ಷೆ. ಕುದಿಯುವ ನೀರನ್ನು ಒಬ್ಬೊಬ್ಬರೊಳಗೆ ಸುರಿಯುತ್ತ ಬಂದರು. ನನ್ನ ಮುಂದೆ ನಿಂತಿದ್ದವನೊಳಗೆ ನೀರು ಬಿದ್ದದ್ದೇ ತಡ, ಟಪ್ ಎಂದು ಒಂದು ಸದ್ದಾಯಿತು. ಅಷ್ಟೇ. ಗುಡಿಸುವವಳು ಬಂದು ಅವನನ್ನು ಪೊರಕೆಯಿಂದ ಬಾಚಿಕೊಂಡು ಹೋದಳು. ಮುಂದಿನ ಸರದಿ ನನ್ನದು. ನಾನು ಪಾಸಾದೆ, ಆದರೆ ಆ ಸದ್ದು ನನ್ನ ಹೊಟ್ಟೆಯೊಳಗೆ ಉಳಿದುಬಿಟ್ಟಿತು.

ನನ್ನನ್ನು ಮೊದಲು ಕೊಂಡವನು ಇಳಕಲ್ ಬಸ್ ನಿಲ್ದಾಣದಲ್ಲಿ ಕುಲ್ಫಿ ಮಾರುತ್ತಿದ್ದ ಲಾಲಸಾಬ. ನನ್ನೊಳಗೆ ಬರ್ಫ, ಅಂದರೆ ಐಸು, ತುಂಬಿ ಕುಲ್ಫಿ ಇಡುತ್ತಿದ್ದ. ಒಳ್ಳೆಯ ಮನುಷ್ಯ, ಆದರೆ ಅವನ ಉದ್ಯೋಗವೇ ನನ್ನ ಪ್ರಾಣ ಹಿಂಡುವಂಥದ್ದು. ಬಸ್ಸು ಬಂದು ನಿಲ್ಲುವ ಮೊದಲೇ ಫುಟ್‌ಬೋರ್ಡಿಗೆ ನೆಗೆಯುವುದು, ಹೊರಟ ಮೇಲೆ ಇಳಿಯುವುದು. ಪ್ರತಿ ಜಿಗಿತಕ್ಕೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ಅವನ ಹೆಂಡತಿ ಚಿಂದಿ ಬಟ್ಟೆ ಸೇರಿಸಿ ನನಗೊಂದು ಕೌದಿ ಹೊಲಿದುಕೊಟ್ಟದ್ದರಿಂದ ಬದುಕಿಕೊಂಡೆ. ಹನ್ನೆರಡು ವರ್ಷ ಹೀಗೆ ಕಳೆದವು. ಮೊಣಕಾಲು ನೋವು ಬಂದು ಬಸ್ಸು ಹತ್ತುವುದು ಆಗದಾದಾಗ ಲಾಲಸಾಬ ನನ್ನನ್ನು ನಿಲ್ದಾಣದ ಕಂಟ್ರೋಲರ್ ಅಡಿವೆಪ್ಪನವರ ಕೈಗಿಟ್ಟ. ಇಷ್ಟು ವರ್ಷ ಒಂದು ದಿನವೂ ತನ್ನನ್ನು ಬಸ್ಸಿನಿಂದ ಇಳಿಸದಿದ್ದ ಸಾಹೇಬರಿಗೆ ಅದು ಅವನ ಕೃತಜ್ಞತೆ.

"ಮುಟಗಿ ಉಪ್ಪು ಹಾಕೂದು ಮರೀಬ್ಯಾಡ್ರಿ ಸಾಹೇಬ್ರ," ಎಂದ. "ಉಪ್ಪು ಬಿದ್ರ ಬರ್ಫ ಕಲ್ಲಾಗಿ ಕೂಡತೈತಿ. ಇದರಾಗ ನನ್ನ ಕುಲ್ಫಿ ಒಂದ ದಿನ ನೀರಾಗಿಲ್ಲ."

ಅಡಿವೆಪ್ಪನವರು ಆ ಮಾತನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಂಡರು. ಅವರು ಏನನ್ನೂ ಬರೆದಿಟ್ಟುಕೊಳ್ಳದೆ ಬಿಡುವವರಲ್ಲ.

ನನಗಿಂತ ದೊಡ್ಡ ಪುಕ್ಕಲರನ್ನು ನಾನು ಕಂಡದ್ದು ಆಗಲೇ. ಮೂವತ್ತು ವರ್ಷ ಜಾಳಿಗೆ ಕಿಟಕಿಯ ಹಿಂದೆ ಕುಳಿತು ಊರಿನ ಜನರನ್ನೆಲ್ಲ ದೂರದೂರಿಗೆ ಕಳಿಸಿದ ಮನುಷ್ಯ ತಾವು ಮಾತ್ರ ಹುಬ್ಬಳ್ಳಿಯಿಂದಾಚೆ ಹೋದದ್ದು ಎರಡೋ ಮೂರೋ ಸಲ. ಹೋಗುವ ಹಿಂದಿನ ವಾರ ಊಟ ಸೇರುತ್ತಿರಲಿಲ್ಲವಂತೆ. ಹೆಂಡತಿ ಹಂಪವ್ವ ಅದನ್ನು ನೆನೆಸಿಕೊಂಡು ಆಗಲೂ ನಗುತ್ತಿದ್ದಳು.

ಹಂಪವ್ವ ನೇಕಾರ್ತಿ. ಇಳಕಲ್ ಸೀರೆಯ ಮೈಯ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವ ಕೆಲಸದಲ್ಲಿ ಅವಳ ಕೈ ಪಳಗಿದ್ದು. ಒಮ್ಮೆ ದಿಲ್ಲಿಯ ಕೈಮಗ್ಗ ಮೇಳದಲ್ಲಿ ಅವಳ ಪಕ್ಕದ ಮಳಿಗೆಯಲ್ಲಿ ಲಾವೋಸ್ ದೇಶದ ಬುನ್‌ಮಿ ಎಂಬ ಹೆಂಗಸು ಕುಳಿತಿದ್ದಳು. ಐದು ದಿನ ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯಲಿಲ್ಲ. ಬಟ್ಟೆ ಮುಟ್ಟಿ ಮುಟ್ಟಿಯೇ ಗೆಳತಿಯರಾದರು. ಬುನ್‌ಮಿಯ ಊರಲ್ಲಿ ಮಗ್ಗದ ಹಿಂದೆ ದಾರದ ಪರದೆ ಇಳಿಬಿಟ್ಟು, ಅದರೊಳಗೆ ಬಿದಿರುಕಡ್ಡಿ ಪೋಣಿಸಿ ಚಿತ್ತಾರವನ್ನೇ ಕೂಡಿಡುತ್ತಾರೆ. ಅಮ್ಮ ಕೂಡಿಟ್ಟ ಚಿತ್ತಾರ ಮಗಳು ನೇಯಬಹುದು. ಹಂಪವ್ವನಿಗೆ ಅದನ್ನು ನೋಡುವ ಹುಚ್ಚು ಹಿಡಿಯಿತು. ಸಕ್ಕರೆ ಕಾಯಿಲೆ ಅವಳ ಕಣ್ಣಿಗೆ ಇಳಿಯುತ್ತಿತ್ತು. ದೃಷ್ಟಿ ಹೆಚ್ಚು ಕಾಲ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು.

"ಕಣ್ಣು ಇರೂದರಾಗ ಆಕಿ ಮಗ್ಗ ನೋಡಬೇಕ್ರಿ," ಎಂದಳು. ಅಡಿವೆಪ್ಪನವರು ಆಗಲಿ ಎಂದರು. ಎಂದವರೇ ಮೂಲೆಯಲ್ಲಿ ಕುಳಿತು ಬೆವರಿದರು. ಹೆಂಡತಿಗೆ ದಿನಕ್ಕೆ ಎರಡು ಸಲ ಇನ್ಸುಲಿನ್ ಬೇಕು. ಗುಡ್ಡಗಾಡಿನಲ್ಲಿ ಆ ಔಷಧ ಬಿಸಿಲಿಗೆ ಕೆಟ್ಟರೆ ಮುಂದೇನು? ಆ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರ ನಾನು.

ಅಂದಿನಿಂದ ಏಳು ತಿಂಗಳು ವೇಳಾಪಟ್ಟಿಯ ಕೆಲಸ ನಡೆಯಿತು. ಬಸ್ಸಿನ ಪಟ್ಟಿ ಬರೆಯುವ ಹಾಗೆಯೇ ಉದ್ದ ಹಾಳೆ, ಅಡಿಯಲ್ಲಿ ಕಾರ್ಬನ್. ಒಂದು ಪ್ರತಿ ಬಿಡುವ ನಿಲ್ದಾಣಕ್ಕೆ, ಒಂದು ಮುಟ್ಟುವ ನಿಲ್ದಾಣಕ್ಕೆ. ಕಾಲಂಗಳು ನಾಲ್ಕು: ಊರು, ಮುಟ್ಟುವ ವೇಳೆ, ಬಿಡುವ ವೇಳೆ, ಬರ್ಫ. ಲುವಾಂಗ್ ಪ್ರಬಾಂಗ್, ನೋಂಗ್ ಖಿಯಾವ್, ವಿಯೆಂಗ್ ಥಾಂಗ್, ಕೊನೆಗೆ ಬುನ್‌ಮಿಯ ಸಾಮ್ ನೆವಾ. ಬರ್ಫ ಸಿಗುತ್ತದೆಂದು ಖಾತ್ರಿಯಿಲ್ಲದ ಊರನ್ನು ಅವರು ಹೊಡೆದುಹಾಕುತ್ತಿದ್ದರು. ಅಲ್ಲಿ ಬಟ್ಟೆ ನೇಯುತ್ತಾರೆಂದು ಹಂಪವ್ವ ಮತ್ತೆ ಬರೆಸುತ್ತಿದ್ದಳು. ಗುಡ್ಡದ ದಾರಿಯ ನೂರೈವತ್ತು ಕಿಲೋಮೀಟರಿಗೆ ಅವರು ಮೂರೂವರೆ ತಾಸು ಎಂದು ಬರೆದರು, ಹುಬ್ಬಳ್ಳಿ ರಸ್ತೆಯ ಲೆಕ್ಕದಲ್ಲಿ. ಬುನ್‌ಮಿ ಫೋನಿನಲ್ಲಿ ಉತ್ತರ ಕಳಿಸಿದಳು. ಫೋನು ತಾನೇ ಮಾಡಿಕೊಟ್ಟ ಸೊಟ್ಟ ಕನ್ನಡದಲ್ಲಿ ಹೀಗಿತ್ತು: "ಪರ್ವತ ಬಹಳ ತಿರುಗುತ್ತದೆ. ಒಂದು ದಿನ ಬೇಕು." ಅಡಿವೆಪ್ಪನವರ ಪೆನ್ಸಿಲ್ ಕೈಯಿಂದ ಜಾರಿತು. ಒಂದು ದಿನವಿಡೀ ಬರ್ಫ ಉಳಿಯಬೇಕು.

ಅದಕ್ಕೆ ನನಗೆ ಪರೀಕ್ಷೆ ಇಟ್ಟರು. ಮೇ ತಿಂಗಳ ಇಳಕಲ್ಲಿನ ಬಿಸಿಲು, ಮಾಳಿಗೆಯ ಮೇಲೆ ನಾನೊಬ್ಬನೇ, ಹೊಟ್ಟೆ ತುಂಬ ಬರ್ಫ ಮತ್ತು ಒಂದು ಮುಟಗಿ ಉಪ್ಪು. ತಾಸಿಗೊಮ್ಮೆ ಅವರು ಬಂದು ಬೆರಳು ಅದ್ದಿ ನೋಡುತ್ತಿದ್ದರು. ಕಾರ್ಖಾನೆಯ ಆ ಸದ್ದು ಇನ್ನೇನು ಕೇಳಿತು ಎಂದು ನಾನು ಇಡೀ ದಿನ ಕಾದೆ. ಸಂಜೆಗೂ ಬೆರಳು ಕಚ್ಚುವಷ್ಟು ತಣ್ಣಗಿತ್ತು. ಅವರು ನನ್ನ ಬೆನ್ನು ತಟ್ಟಿದರು. ನನಗೂ ತುಸು ಜಂಬ ಬಂತು ಎನ್ನುವುದನ್ನು ಮುಚ್ಚಿಡುವುದಿಲ್ಲ.

ಹಂಪವ್ವ ಮಾತ್ರ ಒಂದು ಮಾತು ಕೇಳಿದಳು. "ಅಲ್ರಿ, ನಾವು ಹೋಗೂದು ಸಂಕ್ರಾಂತಿ ಮುಂದ, ಗುಡ್ಡದ ಊರಿಗೆ. ನನಗ ಸ್ವೆಟರ್ ತೊಗೋ ಅಂತೀರಿ, ಆ ಬಾಟ್ಲಿಗೆ ಯಾಕ ಬರ್ಫ?"

"ಔಷಧಕ್ಕ ತಂಪು ಎಷ್ಟಿದ್ರೂ ಕಡಿಮೀನ," ಎಂದರು ಅಡಿವೆಪ್ಪನವರು. "ಥಂಡಿಗೆ ಕೆಟ್ಟಿದ್ದು ಏನರ ನೋಡೀಯೇನ ನೀ?"

ಅವಳು ನೋಡಿರಲಿಲ್ಲ. ಆ ಊರಲ್ಲಿ ಯಾರೂ ನೋಡಿರಲಿಲ್ಲ. ಹಾಲು, ಸಾರು, ಮಲ್ಲಿಗೆ, ಮನುಷ್ಯ, ಎಲ್ಲವೂ ಕೆಡುವುದು ಬಿಸಿಲಿಗೆ.

ವಿಮಾನದಲ್ಲಿ ಖಾಲಿ ಹೊಟ್ಟೆಯಲ್ಲಿ ಹೋದೆ. ಲುವಾಂಗ್ ಪ್ರಬಾಂಗಿನಲ್ಲಿ ಬರ್ಫ ಧಾರಾಳವಾಗಿ ಸಿಕ್ಕಿತು. ಬೆಳಗಿನ ಮಂಜಿನಲ್ಲಿ ಕೇಸರಿ ಬಟ್ಟೆಯ ಭಿಕ್ಷುಗಳು ಸಾಲಾಗಿ ಬಂದಾಗ ಹಂಪವ್ವ ಮಂಡಿಯೂರಿ ಅನ್ನ ಹಾಕಿದಳು. ಅಡಿವೆಪ್ಪನವರು ಹಿಂದೆ ನಿಂತು ನನ್ನನ್ನು ಎದೆಗವಚಿಕೊಂಡಿದ್ದರು. ನೋಂಗ್ ಖಿಯಾವ್‌ನಲ್ಲಿ ಹೊಳೆಯ ಎರಡೂ ದಂಡೆಗೆ ಗೋಡೆ ಎದ್ದಹಾಗೆ ಬೆಟ್ಟ. ಅವರು ತಲೆಯೆತ್ತಿ ನೋಡಿ, "ಇದನ್ನ ಹತ್ತಬೇಕೇನ?" ಎಂದು ಮೆಲ್ಲಗೆ ಕೇಳಿದರು.

ಮರುದಿನದ ಊರು ವಿಯೆಂಗ್ ಥಾಂಗ್. ಅಲ್ಲಿ ಬಿಸಿನೀರಿನ ಬುಗ್ಗೆಗಳಿವೆ ಎಂದು ಅವರು ಎಲ್ಲೋ ಓದಿದ್ದರು. ನೆಲದಿಂದಲೇ ಬಿಸಿನೀರು ಉಕ್ಕುವ ಊರು ಎಷ್ಟು ಕಾದಿರಬೇಡ! ಆ ಹೆದರಿಕೆಯಲ್ಲಿ ಬರ್ಫವನ್ನು ಬಾಯಿಮಟ ತುಂಬಿ, ಎರಡು ಮುಟಗಿ ಉಪ್ಪು ಹಾಕಿ, ಇನ್ಸುಲಿನ್ನಿನ ಆರು ಬಾಟ್ಲಿಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನಡುವೆ ಹೂತರು. ನನಗೆ ಒಳಗಿಂದ ಚಳಿ ಹೊಕ್ಕಿತು. ಕುಲ್ಫಿಯ ಕಾಲದ ಚಳಿ. ಕುಲ್ಫಿ ಗಟ್ಟಿಯಾಗುತ್ತಿದ್ದದ್ದು ಈ ಉಪ್ಪಿನಿಂದಲೇ ಎನ್ನುವುದು ನನಗೆ ಗೊತ್ತಿತ್ತು. ಹೇಳಲು ಬಾಯಿ ಇತ್ತು, ನಾಲಿಗೆ ಇರಲಿಲ್ಲ.

ಆ ರಸ್ತೆಯನ್ನು ನಾನು ವರ್ಣಿಸಲಾರೆ. ವ್ಯಾನು ಒಂದು ತಿರುವು ಮುಗಿಸಿ ಇನ್ನೊಂದಕ್ಕೆ ಬೀಳುತ್ತಿತ್ತು, ಕಿಟಕಿಯ ಕೆಳಗೆ ನೆಲವೇ ಇರಲಿಲ್ಲ. ಅಡಿವೆಪ್ಪನವರು ಕಣ್ಣು ಮುಚ್ಚಿ ನನ್ನನ್ನು ತೊಡೆಯ ನಡುವೆ ಒತ್ತಿ ಹಿಡಿದಿದ್ದರು. ಅವರ ಎದೆ ಬಡಿತ ನನ್ನ ತಗಡಿಗೆ ಕೇಳುತ್ತಿತ್ತು. ಹಂಪವ್ವ ಕಿಟಕಿಗೆ ಮೂಗು ಹಚ್ಚಿ ಕಂಡಷ್ಟನ್ನು ಕಾಣುತ್ತಿದ್ದಳು. ಸಂಜೆ ಇಳಿದಾಗ ಊರು ಕಾದಿರಲಿಲ್ಲ. ಜನ ಬೆಂಕಿಯ ಸುತ್ತ ಕಂಬಳಿ ಹೊದ್ದು ಕುಳಿತಿದ್ದರು.

ಅವಳ ಸಂಜೆಯ ಸೂಜಿಯನ್ನು ಹೊರಡುವ ಮೊದಲೇ ತುಂಬಿಟ್ಟುಕೊಂಡಿದ್ದರಿಂದ ಅದು ನನ್ನ ಮುಚ್ಚಳ ತೆಗೆಯದೆ ದಾರಿಯಲ್ಲೇ ಆಗಿತ್ತು. ಮರುದಿನ ಬೆಳಿಗ್ಗೆ ಅವರು ನನ್ನ ಮುಚ್ಚಳ ತೆಗೆದು ಒಂದು ಬಾಟ್ಲಿ ಎತ್ತಿ ಬೆಳಕಿಗೆ ಹಿಡಿದರು. ನೀರಿನಂತೆ ತಿಳಿಯಾಗಿರಬೇಕಾದದ್ದು ಬೆಳ್ಳಗೆ ಕಲ್ಲಾಗಿತ್ತು. ಇನ್ನೊಂದೂ ಹಾಗೇ. ಆರೂ ಹಾಗೇ. ಇಳಕಲ್ಲಿನ ಡಾಕ್ಟರಿಗೆ ಫೋನು ಹಚ್ಚಿದರು. ಆ ಕಡೆಯಿಂದ ಬಂದ ಮಾತು ಒಂದೇ: ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಕೆಲಸಕ್ಕೆ ಬಾರದು, ಚುಚ್ಚಬೇಡಿ.

ಅಡಿವೆಪ್ಪನವರಿಗೆ ಅದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಬಾಟ್ಲಿಗಳನ್ನು ಮತ್ತೆ ನನ್ನೊಳಗೆ ಹಾಕಿದರು. ವಸತಿಯ ಒಲೆಯ ಮೇಲೆ ಚಹಾದ ನೀರು ಕುದಿಯುತ್ತಿತ್ತು. ಕೆಟಲ್ ಎತ್ತಿದರು.

"ಬ್ಯಾಡ್ರಿ," ಎಂದಳು ಹಂಪವ್ವ.

ನನಗೆ ಗೊತ್ತಾಗಿತ್ತು. ಉಪ್ಪು ಬರ್ಫದ ಮೇಲೆ ಕುದಿನೀರು. ಹುಟ್ಟಿದ ದಿನದಿಂದ ನಾನು ಹೆದರಿಕೊಂಡು ಬಂದದ್ದು ಇದಕ್ಕೇ. ಅಯ್ಯೋ ಎನ್ನುವುದಕ್ಕೂ ಪುರಸೊತ್ತಾಗಲಿಲ್ಲ.

ಟಪ್.

ನೀರು, ಉಪ್ಪು, ಔಷಧ, ನನ್ನ ಬೆಳ್ಳಿಯಂಥ ಗಾಜಿನ ಚೂರುಗಳು, ಎಲ್ಲ ಕಲೆತು ನೆಲದ ಮೇಲೆ ಹರಿಯಿತು. ಅಡಿವೆಪ್ಪನವರು ಮೆಟ್ಟಿಲ ಮೇಲೆ ಕುಸಿದರು. "ಏಳು ತಿಂಗಳು ಕುಂತು ಪಟ್ಟಿ ಬರದು ನನ್ನ ಕೈಯಾರೆ ನಿನ್ನ ಕೊಂದೆ," ಎಂದು ಅತ್ತರು. ಅಷ್ಟು ದೊಡ್ಡ ಮನುಷ್ಯ ಅಳುವುದನ್ನು ಕಂಡು ನನಗೆ ನನ್ನ ಸಾವು ಮರೆತುಹೋಯಿತು.

ಹಂಪವ್ವ ಪಕ್ಕದಲ್ಲಿ ಕುಳಿತಳು. "ಸಾಮ್ ನೆವಾ ಎಷ್ಟು ತಾಸು?"

"ಎಂಟು."

"ಹೊಳ್ಳಿ ಹೋಗಾಕ?"

"ದವಾಖಾನಿ ಇರೋ ಊರಿಗೆ ಎರಡು ದಿನ."

ಅವಳು ಸೊಂಟದ ಸಂಚಿ ಬಿಚ್ಚಿದಳು. ಎಲೆ ಅಡಿಕೆಯ ಕೆಳಗಿಂದ ಖಣದ ತುಂಡಿನಲ್ಲಿ ಸುತ್ತಿದ್ದ ಒಂದು ಬಾಟ್ಲಿ ತೆಗೆದು ಅವರ ಅಂಗೈಯಲ್ಲಿಟ್ಟಳು. ಒಳಗೆ ತಿಳಿ ನೀರು, ತುಂಬಿದ್ದು ತುಂಬಿದ ಹಾಗೇ ಇತ್ತು.

"ಕಂಪೌಂಡರ್ ಹೇಳಿದ್ದ. ಬಿಸಲಿಗೆ ಹಿಡೀಲಿಲ್ಲಂದ್ರ ಒಂದು ಬಾಟ್ಲಿ ತಿಂಗಳತನಾ ಹೊರಗಿದ್ರೂ ನಡೀತೈತಿ ಅಂತ. ಮನಿಯಿಂದ ಬರೂಮುಂದ ಇಟ್ಕೊಂಡೆ."

"ನನಗ್ಯಾಕ ಹೇಳಲಿಲ್ಲ?"

"ನಿಮ್ಮ ಪಟ್ಟಿಯೊಳಗ ಅದಕ್ಕ ಕಾಲಂ ಇರಲಿಲ್ಲಲ್ರಿ," ಎಂದಳು. "ಇನ್ನ ಜೀವಂತ ಅದೀನಿ. ಏಳ್ರಿ, ವ್ಯಾನ್ ಬರತೈತಿ."

ಆ ಒಂದು ಬಾಟ್ಲಿ ಹನ್ನೆರಡು ದಿನ ಬಂತು ಎಂದು ಆಮೇಲೆ ಬುನ್‌ಮಿಯ ಫೋನಿನಿಂದ ತಿಳಿಯಿತು. ಇಡೀ ಪ್ರಯಾಣಕ್ಕೆ ಅಷ್ಟೇ ಸಾಕಾಗಿತ್ತು. ಗುಡ್ಡದ ಗಾಳಿಯೇ ಅದನ್ನು ಕಾಪಾಡಿತು. ನಾನು ಬೇಕಾಗಿಯೇ ಇರಲಿಲ್ಲ ಎಂದು ತಿಳಿದಾಗ ನನಗೆ ಬಹಳ ನಾಚಿಕೆಯಾಯಿತು.

ಆದರೂ ಅವರು ನನ್ನನ್ನು ಬಿಸಾಡಲಿಲ್ಲ. ಖಾಲಿ ತಗಡಾಗಿ ಸಾಮ್ ನೆವಾ ಮುಟ್ಟಿದೆ. ಕಂಬಗಳ ಮೇಲಿನ ಮನೆಯ ಕೆಳಗೆ ಬುನ್‌ಮಿಯ ಮಗ್ಗ. ಅವಳು "ಎವಾಯ್" ಎಂದು ಓಡಿಬಂದು ಅಪ್ಪಿಕೊಂಡಳು. ಅವರ ಭಾಷೆಯಲ್ಲಿ ಅಕ್ಕ ಎಂದರ್ಥ. ಹಂಪವ್ವ, ಬುನ್‌ಮಿಯ ಅಮ್ಮ ಚಿತ್ತಾರ ಕೂಡಿಟ್ಟಿದ್ದ ದಾರದ ಪರದೆಯ ಮುಂದೆ ಕುಳಿತು ಮೊದಲು ಕಣ್ಣು ಹತ್ತಿರ ಒಯ್ದು ನೋಡಿದಳು. ಸಾಲದಾಯಿತು. ಕಣ್ಣು ಮುಚ್ಚಿ ಬೆರಳಾಡಿಸಿದಳು. ಒಂದೊಂದು ಕಡ್ಡಿಗೂ ಬೆರಳು ನಿಂತು ನಿಂತು ಹೋಯಿತು. ನಾಲ್ಕು ದಿನ ಅವಳು ಅಲ್ಲಿಂದ ಎದ್ದದ್ದು ಊಟಕ್ಕೆ ಮತ್ತು ಸೂಜಿಗೆ ಮಾತ್ರ. ಹೊರಡುವಾಗ ಬುನ್‌ಮಿ ಬಿಡಿ ಕಡ್ಡಿಗಳನ್ನು ಹಾಕಿಡಲು ನನ್ನನ್ನು ಕೇಳಿ ಪಡೆದಳು.

ಅಂದಿನಿಂದ ಈ ಮಗ್ಗದ ಬುಡವೇ ನನ್ನ ಜಾಗ. ಗಾಜಿದ್ದ ಕಡೆ ಬಿದಿರುಕಡ್ಡಿಗಳಿವೆ, ಇಳಕಲ್ಲಿನಿಂದ ಮುಂಚೆಯೇ ಬಂದಿದ್ದ ಆ ವೇಳಾಪಟ್ಟಿಯ ಪ್ರತಿ ಇದೆ. ಒಡೆಯುವಂಥದ್ದು ಏನೂ ಉಳಿದಿಲ್ಲವಾದ್ದರಿಂದ ಎರಡು ವರ್ಷ ನಿರ್ಭಯವಾಗಿ ಇದ್ದೆ. ಹೆದರಿಕೆ ಇಲ್ಲದ ಬದುಕು ಹೇಗಿರುತ್ತದೆ ಎಂದು ಗೊತ್ತಾಯಿತು. ಸ್ವಲ್ಪ ಬೇಸರದ್ದು.

ಮೊನ್ನೆ ಇಳಕಲ್ಲಿನಿಂದ ಒಂದು ಪಾರ್ಸೆಲ್ ಬಂತು. ಒಳಗೆ ಕೆಂಪು ಸೆರಗಿನ ಒಂದು ಬಟ್ಟೆ, ಸೆರಗಿನಲ್ಲಿ ಬುನ್‌ಮಿಯ ಅಮ್ಮನ ಚಿತ್ತಾರ. ಬುನ್‌ಮಿ ಅದನ್ನು ಬೆಳಕಿಗೆ ಹಿಡಿದಳು. ಕೊಂಡಿಗಳು ಒಂದು ಬಿಗಿ, ಒಂದು ಸಡಿಲ. ನೋಡಿ ಹಾಕಿದ ಕೊಂಡಿಗಳಲ್ಲ, ಮುಟ್ಟಿ ಹಾಕಿದವು. ಅವಳು ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡಳು. ಜೊತೆಗಿದ್ದ ಉದ್ದ ಹಾಳೆ ಅವಳಿಗೆ ಓದಲು ಬರಲಿಲ್ಲ. ಸುರುಳಿ ಸುತ್ತಿ ನನ್ನೊಳಗೆ ಇಟ್ಟಳು. ಈ ಊರಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ.

ಕಾರ್ಬನ್ ಪ್ರತಿ. ಅದೇ ಅಕ್ಷರ. ಇಳಕಲ್, ಬೆಂಗಳೂರು, ಬ್ಯಾಂಕಾಕ್, ಲುವಾಂಗ್ ಪ್ರಬಾಂಗ್, ನೋಂಗ್ ಖಿಯಾವ್, ವಿಯೆಂಗ್ ಥಾಂಗ್, ಸಾಮ್ ನೆವಾ. ಸಂಕ್ರಾಂತಿಗೆ ಮೊದಲು ಮುಟ್ಟುತ್ತಾರೆ. ನಾಲ್ಕನೆಯ ಕಾಲಮಿನಲ್ಲಿ 'ಬರ್ಫ' ಇಲ್ಲ. ಆ ಜಾಗದಲ್ಲಿ 'ಕೈ ಹಿಡಿಯುವವರು' ಎಂದು ಬರೆದು, ಏಳೂ ಊರುಗಳ ಮುಂದೆ ಒಂದೊಂದು ಸಲ 'ನಾನು' ಎಂದು ತುಂಬಿದ್ದಾರೆ.

ಆ ತಿರುವುಗಳಲ್ಲಿ ಕಣ್ಣು ಮುಚ್ಚಿ ಕುಳಿತಿದ್ದ ಮನುಷ್ಯ ಈ ಸಲ ಇಬ್ಬರ ಪಾಲಿಗೂ ಕಣ್ಣು ತೆರೆದು ಬರಬೇಕು. ನನಗೆ ಮತ್ತೆ ಹೆದರಿಕೆ ಶುರುವಾಗಿದೆ. ದಿನ ಎಣಿಸುತ್ತಿದ್ದೇನೆ.